ಬಳ್ಳೊಳ್ಳಿ ಉಂಡ ನಿಂಬೆಸಸಿಗಳು

ಮೆತ್ತಗಿನ ಸ್ವಭಾವದವರು ಎಂದು ಹೆಸರು ಪಡೆದವರಿಗೆ ಈ ಲೋಕದಲ್ಲಿ ಏನು ಸಿಗುತ್ತದೆ ಎಂಬುದು ನನಗೆ ಚೆನ್ನಾಗಿ ಗೊತ್ತಿದೆ. ಮದುವೆಮನೆಯಲ್ಲಿ ಯಾರದೋ ಅಳುವ ಕೂಸನ್ನು ತಂದು ಅವರ ತೊಡೆಗೆ ಹಾಕುತ್ತಾರೆ. ಬಸ್ಸಿನಲ್ಲಿ ಕಿಟಕಿಯ ಜಾಗ ಬೇಕಾದವರು ಸುತ್ತಲೂ ಒಮ್ಮೆ ಕಣ್ಣಾಡಿಸಿ ನೇರವಾಗಿ ಅವರ ಹತ್ತಿರವೇ ಬರುತ್ತಾರೆ. ಪಂಕ್ತಿಯಲ್ಲಿ ಹೋಳಿಗೆ ಮುಗಿದುಹೋದರೆ ಮುಗಿಯುವುದು ಅವರ ಎಲೆಯ ಮುಂದೆಯೇ. ಬಡಿಸುವವರು ಖಾಲಿ ಬುಟ್ಟಿಯನ್ನು ಓರೆ ಮಾಡಿ ತೋರಿಸಿ, "ಅವರು ಏನೂ ಅನ್ನೂದಿಲ್ಲ ಬಿಡ್ರಿ" ಎಂದು ಅವರ ಪರವಾಗಿ ತಾವೇ ಉತ್ತರ ಹೇಳಿ ಮುಂದೆ ಹೋಗುತ್ತಾರೆ. ನಾನು ಅಂಥವಳು. ನನ್ನ ಸ್ವಭಾವವನ್ನು ಹೊಗಳದವರು ಇಂಡಿ ಊರಿನಲ್ಲಿ ಯಾರೂ ಇಲ್ಲ. ಹೊಗಳುವವರೆಲ್ಲ ಹೊಗಳಿ ಮುಗಿಸಿದ ಮೇಲೆ ಏನಾದರೊಂದು ಕೆಲಸ ಹೇಳುತ್ತಾರೆ.

ಈ ಸ್ವಭಾವ ಹುಟ್ಟಿನಿಂದ ಬಂದದ್ದೇ ಎಂದು ನೀವು ಕೇಳಬಹುದು. ಅಲ್ಲ, ಫೀ ಕೊಟ್ಟು ಕಲಿತದ್ದು. ನನ್ನ ತಂದೆ ಅಂಚೆ ಖಾತೆಯಲ್ಲಿದ್ದರು. ಬೆಳಗಾವಿಗೆ ವರ್ಗವಾದಾಗ, ಮಗಳು ಇಂಗ್ಲಿಷು ಕಲಿಯಲಿ ಎಂದು ಕಾನ್ವೆಂಟಿಗೆ ಹಾಕಿದರು. ಅಲ್ಲಿ ನಾನು ಇಂಗ್ಲಿಷಿಗಿಂತ ಹೆಚ್ಚಾಗಿ ಕಲಿತದ್ದು ಎರಡು ಸಂಗತಿ. ಎರಡನ್ನೂ ಕಲಿಸಿದವರು ಒಬ್ಬರೇ, ತೋಟ ನೋಡಿಕೊಳ್ಳುತ್ತಿದ್ದ ವಯಸ್ಸಾದ ಸಿಸ್ಟರು. ಹುಡುಗಿಯರು ಗಟ್ಟಿಯಾಗಿ ಮಾತಾಡಿದರೆ ಅವರು ಗದರುತ್ತಿರಲಿಲ್ಲ. ಗುಲಾಬಿ ಗಿಡದ ಮರೆಯಿಂದ ಎದ್ದು ನಿಂತು, ಮಣ್ಣಾದ ಬೆರಳನ್ನು ತುಟಿಯ ಮೇಲಿಟ್ಟು, "ಮೆಲ್ಲಗೆ, ಮಗು, ಮೆಲ್ಲಗೆ" ಎನ್ನುತ್ತಿದ್ದರು. ಇನ್ನೊಂದು ಪಾಠ ಗಿಡಗಳಿಗೆ ಸಂಬಂಧಪಟ್ಟದ್ದು. ಅಡಿಗೆಮನೆಯಿಂದ ಬಂದ ಬಳ್ಳೊಳ್ಳಿ ಸಿಪ್ಪೆ, ಬೇವಿನ ಎಲೆ, ಸಗಣಿ, ಏನೇನನ್ನೋ ನೆನೆಹಾಕಿ ಸೋಸಿ ಅವರು ಎಲೆಗಳ ಮೇಲೆ ಸಿಂಪಡಿಸುತ್ತಿದ್ದರು. ಆಗೆಲ್ಲ ಹೇಳುತ್ತಿದ್ದದ್ದು ಒಂದೇ ಮಾತು: "ತಿಳಿ ಚಹಾದಷ್ಟು ತೆಳ್ಳಗಾಗುವವರೆಗೆ ನೀರು ಬೆರೆಸು. ಒಳ್ಳೆಯದನ್ನೂ ಗಟ್ಟಿಯಾಗಿ ಕೊಟ್ಟರೆ ಎಲೆ ಸುಡುತ್ತದೆ." ಈ ಎರಡು ಪಾಠ ಹೊತ್ತುಕೊಂಡು ನಾನು ಇಂಡಿಗೆ ಸೊಸೆಯಾಗಿ ಬಂದೆ. ಒಂದು ಪಾಠವನ್ನು ಈ ಮನೆ ಬಹಳ ಮೆಚ್ಚಿತು. ಇನ್ನೊಂದರ ಕಥೆಯೇ ಇದು.

ಮದುವೆಯ ದಿನ ತಾಟಿನಲ್ಲಿ ಅಕ್ಕಿ ಹರವಿ, ಅದರಲ್ಲಿ ಉಂಗುರದಿಂದ ನನ್ನ ಹೊಸ ಹೆಸರು ಬರೆದರು. ನಳಿನಿಯಾಗಿ ಮಣೆಯ ಮೇಲೆ ಕೂತವಳು ರುಕ್ಮಿಣಿಯಾಗಿ ಎದ್ದೆ. ಅದು ನಮ್ಮವರಲ್ಲಿ ರೂಢಿ, ಅದಕ್ಕೆ ಬೇಸರ ಮಾಡಿಕೊಂಡವರು ಯಾರೂ ಇಲ್ಲ. ಆಮೇಲೆ ಕೆಲವು ವರ್ಷಕ್ಕೆ ನಮ್ಮ ಜಿಲ್ಲೆಯೇ ಮುಂಬಯಿಯ ಕಡೆಯಿಂದ ಮೈಸೂರಿನ ಕಡೆಗೆ ಬಂದಿತು. ಆಗ ಮಾತ್ರ ನಮ್ಮವರು, ಅಂದರೆ ನನ್ನ ಯಜಮಾನರು, "ಕೇಳದಽ ಹಿಂಗ ಹೆಸರು ಬದಲಿ ಮಾಡಿದ್ರ ಹ್ಯಾಂಗ?" ಎಂದು ಪಡಸಾಲೆಯಲ್ಲಿ ಕೂತು ಬಹಳ ದಿನ ವಾದ ಮಾಡಿದರು. ಅವರು ವಕೀಲರು. ಕೋರ್ಟಿನ ಕಾಗದದ ತಲೆಬರಹ ಬದಲಾದದ್ದಕ್ಕೆ ಅವರಿಗೆ ಅಷ್ಟು ದುಃಖ. ಚಹಾ ಕೊಡಲು ಹೋದ ನಾನು ಬಾಗಿಲಲ್ಲಿ ನಿಂತು ಕೇಳಿಸಿಕೊಂಡೆ. ಬಸಿಯಲ್ಲಿ ಚೆಲ್ಲಿದ ಚಹಾ ಒರೆಸಿ ಒಳಗೆ ಬಂದೆ.

ಮನೆಯಲ್ಲಿ ಹಿತ್ತಾಳೆ ತಾಮ್ರದ ಪಾತ್ರೆಗಳು ಸಾಲುಸಾಲಾಗಿದ್ದವು. ಒಂದೊಂದರ ಮೇಲೂ ಹೆಸರು ಕೊರೆಸಿತ್ತು. ಅತ್ತೆಯ ಹೆಸರು, ಅವರ ಅತ್ತೆಯ ಹೆಸರು, ಯಾವುದೋ ಉಪನಯನಕ್ಕೆ ಉಡುಗೊರೆ ಕೊಟ್ಟವರ ಹೆಸರು. ನನ್ನ ಹೆಸರಿನದು ಒಂದು ಲೋಟವೂ ಇರಲಿಲ್ಲ. ಒಲೆ ಅತ್ತೆಯದು, ದೇವರಮನೆ ಅತ್ತೆಯದು, ತುಳಸಿಕಟ್ಟೆಗೆ ಯಾವ ಕಡೆಯಿಂದ ನೀರು ಹಾಕಬೇಕೆಂಬುದೂ ಅವರದು. ಹಿತ್ತಲಲ್ಲಿ ನಡುಗೋಡೆಯ ಬುಡಕ್ಕೆ ಒಂದಿಷ್ಟು ಜಾಗ ಮಾತ್ರ ಯಾರದೂ ಆಗಿರಲಿಲ್ಲ. ಅದರ ಆಚೆ ನಿಂಬೆಕಾಯಿ ದಲಾಲರ ಮನೆ. ಅವರ ಅಡಿಗೆಯ ವಾಸನೆ ಆ ಗೋಡೆ ದಾಟಿ ಬರುತ್ತದೆಂದು ಅತ್ತೆ ಆ ಕಡೆ ಕಾಲಿಡುತ್ತಿರಲಿಲ್ಲ. ಅಲ್ಲಿ ನಾನು ಒಡಕು ಡಬ್ಬಿಗಳಲ್ಲಿ ಮಣ್ಣು ತುಂಬಿ, ಶರಬತ್ತು ಮಾಡಿ ಉಳಿದ ನಿಂಬೆಬೀಜ ಊರಿದೆ.

ಇಂಡಿಯಲ್ಲಿ ನಿಂಬೆ ಊರುವುದು ಸಮುದ್ರದ ದಂಡೆಯಲ್ಲಿ ಉಪ್ಪು ಮಾಡಿದಂತೆ, ಹೆಚ್ಚುಗಾರಿಕೆಯ ಕೆಲಸವೇನಲ್ಲ. ನಮ್ಮವರು ನೋಡಿ ನಕ್ಕರು. "ಪ್ಯಾಟ್ಯಾಗ ಚೀಲಗಟ್ಲೆ ಬಿದ್ದಿರ್ತಾವ, ನಿನಗ್ಯಾಕ ಈ ಉಸಾಬರಿ?" ಎಂದರು. ನಾನು ಮೆಲ್ಲಗೆ, "ಸಿಂದಗಿ ದಾರಿ ಹೊಲದಾಗ ಬಾವಿ ಬಾಜೂಕ ಒಂದು ಪಟ್ಟಿ ಖಾಲಿ ಬಿದ್ದದಲ್ಲ, ಅಲ್ಲಿ ಹಚ್ಚಬಹುದು ಅಂತ" ಎಂದೆ. ಅವತ್ತು ಅವರು ಯಾವುದೋ ದಾವೆ ಗೆದ್ದು ಬಂದಿದ್ದರು, ಉದಾರರಾಗಿದ್ದರು. ಕಿವಿಗೆ ಸಿಕ್ಕಿಸಿದ್ದ ಪೆನ್ಸಿಲು ತೆಗೆದು ಎತ್ತಿ ಹಿಡಿದರು. "ಮುಂಗಾರಿ ಮಿರಗ ಮಳಿ ಬರೋದ್ರಾಗ ನಿನ್ನ ಸಸಿ ಈ ಪೆನ್ಸಿಲಿನಷ್ಟು ದಪ್ಪ ಆಗ್ಲಿ. ಬಾವಿ ಪಟ್ಟಿ ನಿನಗ. ನಿನ್ನ ಹೆಸರಲೇ ತೋಟ. ಮಂದಿ ಕೇಳಿದ್ರ 'ರುಕ್ಮಿಣಿಬಾಯಿ ತೋಟ' ಅಂತ ನಾನಽ ಹೇಳ್ತೀನಿ." ಅವರಿಗೆ ಅದೊಂದು ತಮಾಷೆ. ನನಗೆ ಅವತ್ತು ಊಟ ಸೇರಲಿಲ್ಲ. ರುಕ್ಮಿಣಿ ಎಂಬ ಹೆಸರು ನನ್ನದೇ ಎಂದು ನನಗೆ ಮೊದಲ ಸಲ ಅನ್ನಿಸಿದ್ದು ಆ ಹೊತ್ತಿನಲ್ಲಿ.

ಆದರೆ ನಿಂಬೆಸಸಿಯಷ್ಟು ಸೋಮಾರಿ ಕೂಸು ಬೇರೊಂದಿಲ್ಲ. ಹುಟ್ಟುವಾಗ ಚುರುಕಾಗಿ ಹುಟ್ಟಿ, ನಾಲ್ಕಾರು ಎಲೆ ಬಿಟ್ಟು, ಆಮೇಲೆ ಸುಮ್ಮನೆ ನಿಂತುಬಿಡುತ್ತದೆ. ನನ್ನ ಸಸಿಗಳು ಊದುಬತ್ತಿಯ ಕಡ್ಡಿಯಷ್ಟು ದಪ್ಪವಾಗಿ ಅಲ್ಲೇ ನಿಂತವು. ಎಲೆಗಳು ಹಳದಿ, ನರಗಳು ಮಾತ್ರ ಹಸಿರು, ಬಾಣಂತಿಯ ಕೈಯಂತೆ. ಆಗ ಸಿಸ್ಟರು ನೆನಪಾದರು. ಎಲೆಗೇ ಉಣಿಸಬೇಕು! ಮೊದಲು ಅತ್ತೆಯ ಕೆಮ್ಮಿನ ಜ್ಯೇಷ್ಠಮಧುವಿನ ಬೇರು ಕೇಳಿ ತೆಗೆದುಕೊಂಡು ಜಜ್ಜಿ ನೆನೆಹಾಕಿದೆ. ತಿಗಣೆಗೆ ಔಷಧ ಹೊಡೆಯುವ ಹಳೆಯ ತಗಡಿನ ಪಂಪು ಅಟ್ಟದ ಮೇಲಿತ್ತು. ಅದನ್ನು ಸೀಗೆಪುಡಿ ಹಾಕಿ ತೊಳೆದೂ ತೊಳೆದೂ ಸಿಂಪಡಿಸಲು ಶುರು ಮಾಡಿದೆ. ಅತ್ತೆ ಹಿತ್ತಲ ಬಾಗಿಲಲ್ಲಿ ನಿಂತು ನೋಡಿದರು.

"ಏನ, ನಿನ್ನ ಗಿಡಕ್ಕ ಕೆಮ್ಮು ಬಂದದೇನು?"

"ಎಲಿ ಮ್ಯಾಲೆ ಹೊಡದ್ರ ಗಿಡ ಛಲೋ ಬೆಳೀತಾವಂತ, ಅತ್ಯಾ."

"ಬೇರು ಇರೂದು ಯಾಕ ಮತ್ತ? ಹೋಳಿಗಿ ಬೆನ್ನಿಗೆ ಹಚ್ಚಿಕೊಂಡ್ರ ಹೊಟ್ಟಿ ತುಂಬ್ತದೇನು? ನಿಮ್ಮ ಕಾನ್ವೆಂಟಿನಾಗ ಹಂಗಽ ಉಣಸ್ತಿದ್ರೇನು ನಿನಗ? ಅದಕ್ಕಽ ಹಿಂಗ ಕಡ್ಡಿ ಆಗೀದಿ."

ಅತ್ತೆಯ ಮಾತಿಗೆ ನಾನು ಒಳಗೊಳಗೇ ನಕ್ಕದ್ದೂ ಉಂಟು; ಅವರ ನಾಲಿಗೆಗೆ ಅಂಥ ರುಚಿಯಿತ್ತು. ನಮ್ಮವರ ಹತ್ತಿರ ಕೆಲಸಕ್ಕೆಂದು ಬಂದ ಬ್ಲಾಕ್ ಆಫೀಸಿನ ಗ್ರಾಮಸೇವಕರೊಬ್ಬರು ನನ್ನ ಅವಸ್ಥೆ ನೋಡಿ, ಸಕ್ಕರೆಯಂಥ ಬಿಳಿ ಗೊಬ್ಬರ ಒಂದು ಪುಡಿಕೆ ಕೊಟ್ಟರು. "ಯೂರಿಯಾ ಅಂತಾರ್ರಿ ಇದಕ್ಕ. ಚಿಟಿಕಿಯಷ್ಟು ಬಿಂದಿಗಿ ನೀರಿಗೆ ಹಾಕಿ ಎಲಿಗೆ ಹೊಡೀರಿ. ದನದ ಉಚ್ಚಿಯೊಳಗ ಇರೂದೂ ಇದಽ ರಿ. ಆದ್ರ ಹೆಚ್ಚು ಮಾಡಬ್ಯಾಡ್ರಿ, ಸುಡತೈತಿ" ಎಂದರು. ಸಿಸ್ಟರು ಹೇಳಿದ್ದನ್ನೇ ಸರಕಾರವೂ ಹೇಳುತ್ತಿದೆಯಲ್ಲ ಎಂದು ನನಗೆ ಸಂತೋಷವಾಯಿತು. ಅತ್ತೆಯೂ ಇದಕ್ಕೆ ಅಡ್ಡಿ ಮಾಡಲಿಲ್ಲ. ಯೂರಿಯಾ ತಿನ್ನಬಾರದೆಂದು ಅವರಿಗೆ ಗೊತ್ತಿದ್ದ ಯಾವ ಶಾಸ್ತ್ರದಲ್ಲೂ ಹೇಳಿರಲಿಲ್ಲ.

ಶಾಸ್ತ್ರ ಅಡ್ಡ ಬಂದದ್ದು ಬಳ್ಳೊಳ್ಳಿಗೆ. ಸಿಸ್ಟರ ಗುಲಾಬಿಗಳ ಹೊಳಪಿನ ಗುಟ್ಟು ಬಳ್ಳೊಳ್ಳಿಯ ರಸ. ಅದಿಲ್ಲದೆ ಉಪಾಯವಿಲ್ಲ ಎಂದು ನನ್ನ ಮನಸ್ಸು ಗಟ್ಟಿಯಾಗಿ ಹೇಳುತ್ತಿತ್ತು. ನಮ್ಮ ಮನೆಯಲ್ಲಿ ಬಳ್ಳೊಳ್ಳಿ ಎಂಬ ಶಬ್ದವನ್ನು ಕೂಡ ಊಟದ ಹೊತ್ತಿನಲ್ಲಿ ಆಡುತ್ತಿರಲಿಲ್ಲ. ಕಾಯಿಪಲ್ಯ ಮಾರುವವಳ ಬುಟ್ಟಿಯಲ್ಲಿ ಬಳ್ಳೊಳ್ಳಿ ಇದ್ದರೆ, ಅವಳು ಬುಟ್ಟಿಯನ್ನು ಬೀದಿಯ ಆಚೆ ದಂಡೆಗಿಟ್ಟು, ಬೇಕಾದ ಬದನೆಕಾಯಿಯನ್ನಷ್ಟೇ ಕೈಯಲ್ಲಿ ಹಿಡಿದು ಬರಬೇಕು. ಅತ್ತೆಯ ಮೂಗು ಅಷ್ಟು ತೀಕ್ಷ್ಣ. ನಮ್ಮವರು ವಿಜಾಪುರಕ್ಕೆ ಕೋರ್ಟು ಕೆಲಸಕ್ಕೆ ಹೋಗಿ ಬಂದ ದಿನ ಬಾಗಿಲಲ್ಲೇ ಲವಂಗ ಜಗಿಯುತ್ತಿದ್ದರು. ಯಾಕೆಂದು ನಾನು ಕೇಳಲಿಲ್ಲ, ಅವರು ಹೇಳಲಿಲ್ಲ. ದಾಂಪತ್ಯದಲ್ಲಿ ಅಷ್ಟು ಮರ್ಯಾದೆ ಇರಬೇಕು.

ನಡುಗೋಡೆಯ ಆಚೆ ದಲಾಲರ ಹೆಂಡತಿ ಹುಸೇನಬಿ. ನನಗಿಂತ ಹಿರಿಯಳು, ದೊಡ್ಡ ದನಿ, ದೊಡ್ಡ ಮೂಗುತಿ. ನಾನು ಗೋಡೆಯ ಮೇಲಿಂದ ತಲೆ ಎತ್ತಿ, ಒಂದು ಹಿಡಿ ಬಳ್ಳೊಳ್ಳಿ ಜಜ್ಜಿ ರಸ ತೆಗೆದುಕೊಡಲು ಸಾಧ್ಯವೇ ಎಂದು ಕೇಳಿದಾಗ, ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಗಾಬರಿಯಿಂದಲ್ಲ, ನಗುವಿಗೆ.

"ಯಾರ ಸಲುವಾಗಿ ರೀ ಬಾಯಾರ? ವಕೀಲ ಸಾಹೇಬರಿಗೇನು?"

"ಅಲ್ಲ ಹುಸೇನಬಿ, ಗಿಡಕ್ಕ."

"ಯಾ ಅಲ್ಲಾ! ಮನಷ್ಯಾರಿಗೆ ಇಲ್ಲದ ಬಳ್ಳೊಳ್ಳಿ ಗಿಡಕ್ಕ ಉಣಸ್ತೀರಿ? ನಿಮ್ಮ ಮನಿ ಸೊಸಿ ಆಗೂದಕಿಂತ ನಿಮ್ಮ ಮನಿ ನಿಂಬಿಗಿಡ ಆಗೂದು ಚಲೋ ಐತಿ ನೋಡ್ರಿ."

ಈ ಮಾತು ನನಗೆ ಎಷ್ಟೋ ದಿನ ಚುಚ್ಚಿತು. ಚುಚ್ಚಿದ್ದು ಅದು ಅನ್ಯಾಯದ ಮಾತೆಂದಲ್ಲ. ಆದರೂ ಅವಳು ಒರಳಲ್ಲಿ ಜಜ್ಜಿ, ಬಟ್ಟೆಯಲ್ಲಿ ಹಿಂಡಿ, ಗಾಜಿನ ಬಾಟಲಿಯಲ್ಲಿ ಗೋಡೆಯ ಮೇಲಿಡುತ್ತಿದ್ದಳು. ಅತ್ತೆ ಸಂಜೆ ಮಠದ ಪ್ರವಚನಕ್ಕೆ ಹೋದಾಗ ನಾನು ಅದಕ್ಕೆ ತಿಳಿ ಚಹಾದ ಲೆಕ್ಕದಲ್ಲಿ ನೀರು ಬೆರೆಸಿ ಸಿಂಪಡಿಸುತ್ತಿದ್ದೆ. ಪಂಪಿನ ಬಾಯಿಂದ ಹೊರಟ ತುಂತುರು ಎಲೆಗಳ ಮೇಲೆ ಸಣ್ಣ ಸಣ್ಣ ಮಣಿಗಳಾಗಿ ಕೂತು, ಸ್ವಲ್ಪ ಹೊತ್ತಿಗೆ ಎಲ್ಲಿ ಹೋಯಿತೋ ಎಂಬಂತೆ ಮಾಯವಾಗುತ್ತಿತ್ತು. ವಾಸನೆ ಮಾತ್ರ ಇರುತ್ತಿತ್ತು. ಅತ್ತೆ ಮರಳಿ ಬಂದು ಮೂಗು ಮುರಿದು, ಗೋಡೆಯ ಕಡೆ ತಿರುಗಿ ಗಟ್ಟಿಯಾಗಿ, "ಈ ಮಂದಿ ಒಗ್ಗರಣಿ ಮುಗಿಯೂದಽ ಇಲ್ಲೇನವ್ವ!" ಎನ್ನುತ್ತಿದ್ದರು. ಗೋಡೆಯ ಆಚೆಯಿಂದ ಹುಸೇನಬಿ ಅಷ್ಟೇ ಗಟ್ಟಿಯಾಗಿ ಕೆಮ್ಮುತ್ತಿದ್ದಳು. ಆ ಕೆಮ್ಮು ಯಾರನ್ನು ಉದ್ದೇಶಿಸಿದ್ದೆಂದು ನನಗೊಬ್ಬಳಿಗೇ ಗೊತ್ತಾಗುತ್ತಿತ್ತು.

ಸಸಿಗಳು ಎದ್ದವು. ಹೇಗೆ ಎದ್ದವು ಎಂದರೆ, ಬೈಗುಳ ತಿಂದು ಮೂಲೆಯಲ್ಲಿ ಕೂತ ಮಕ್ಕಳು ಆಟಕ್ಕೆ ಕರೆದ ಕೂಡಲೇ ಎದ್ದಂತೆ. ಹಳದಿ ಹೋಗಿ ಎಲೆಗಳು ಕಡುಹಸಿರಾದವು, ತುದಿಯಲ್ಲಿ ಎಳೆಯ ತಾಮ್ರಬಣ್ಣದ ಚಿಗುರು. ಮುಳ್ಳು ಕೂಡ ಬಲಿತವು. ನನ್ನ ಸೆರಗು ಹಿಡಿದು ಎಳೆಯುವಷ್ಟು ಸಲಿಗೆ ಬಂತು. ನಮ್ಮವರು ಕೋರ್ಟಿನಿಂದ ಬಂದವರು ಕೋಟು ಬಿಚ್ಚುವ ಮೊದಲೇ ಪೆನ್ಸಿಲು ಹಿಡಿದು ಹಿತ್ತಲಿಗೆ ಹೋಗಿ ಅಳೆಯತೊಡಗಿದರು. "ಇನ್ನ ಎಳ್ಳಷ್ಟು ಕಡಿಮಿ ಅದ" ಎಂದು ಹೇಳಿ ಕಿವಿಗೆ ಪೆನ್ಸಿಲು ಸಿಕ್ಕಿಸಿಕೊಂಡು ಬರುತ್ತಿದ್ದರು. ಮನೆಗೆ ಬಂದ ಬೀಗರಿಗೆ, ಆ ಕಡೆ ಕಾಲಿಡದ ಅತ್ತೆಯೇ ಕೈಹಿಡಿದು ಕರೆದೊಯ್ದು ತೋರಿಸಿದರು. "ನಮ್ಮ ಸೊಸಿ ಕೈಗುಣ ನೋಡ್ರಿ. ಕಡ್ಡಿ ನೆಟ್ರೂ ಚಿಗೀತಾವ." ಆ ಮಾತು ಕೇಳಿ ನಾನು ಅಡಿಗೆಮನೆಯಲ್ಲಿ ಸಾರಿಗೆ ಎರಡು ಸಲ ಉಪ್ಪು ಹಾಕಿದೆ. ಬಾವಿ ಪಟ್ಟಿ ನನ್ನ ಕಣ್ಣ ಮುಂದೆ ಕಾಣುತ್ತಿತ್ತು: ಸಾಲು ಸಾಲು ಗಿಡ, ನೆರಳಿಗೆ ಒಂದು ಕಲ್ಲು, ಆ ಕಲ್ಲಿನ ಮೇಲೆ ಕೂತ ನಾನು, ಯಾರಿಗೂ ಕೇಳದೆ ಕೊಯ್ದ ಒಂದು ಕಾಯಿ.

ನನ್ನನ್ನು ಹಾಳು ಮಾಡಿದ್ದು ಅತ್ತೆಯ ಸಿಟ್ಟಲ್ಲ, ಅವರ ಅಭಿಮಾನ. ಏಕಾದಶಿಯ ದಿನ ಎಲ್ಲರೂ ಮಠಕ್ಕೆ ಹೋದ ಸಂಜೆ ನಾನು ಮನೆ ಕಾಯುತ್ತ ಎಂದಿನಂತೆ ಸಿಂಪಡಿಸಿದ್ದೆ. ದ್ವಾದಶಿಯ ಬೆಳಿಗ್ಗೆ ಅತ್ತೆ ಮಡಿಯುಟ್ಟು, ಉಪವಾಸದ ಮರುದಿನದ ಊಟಕ್ಕೆ ಮಜ್ಜಿಗೆ ಕಡೆದರು. ಮಜ್ಜಿಗೆಗೆ ನಿಂಬೆಯ ಎಳೆ ಎಲೆ ಹರಿದು ಹಾಕುವುದು ಈ ಮನೆಯ ಹಳೆಯ ಪದ್ಧತಿ. ಯಾವಾಗಲೂ ಪೇಟೆಯಿಂದ ತರಿಸುತ್ತಿದ್ದರು. ಅವತ್ತು ಮಾತ್ರ, "ಸೊಸಿ ಗಿಡಾನಽ ಇರುವಾಗ ಹೊರಗಿಂದ ಯಾಕ?" ಎಂದು ತಾವೇ ಎದ್ದು ಹೋಗಿ ನನ್ನ ಸಸಿಯ ಚಿಗುರು ಕಿತ್ತು ತಂದರು. ನಾನು ಸ್ನಾನಕ್ಕೆ ಹೋಗಿದ್ದೆ. ಎಲೆಗಳನ್ನು ಬಾವಿಯ ನೀರಿನಲ್ಲಿ ಚೆನ್ನಾಗಿ ತೊಳೆದಿದ್ದರು ಕೂಡ. ದೇವರಿಗೆ ನೈವೇದ್ಯವಾಯಿತು. ದೇವರು ಏನೂ ಅನ್ನಲಿಲ್ಲ. ದೇವರೂ ಮೆತ್ತಗಿನ ಸ್ವಭಾವದವನು. ಆಮೇಲೆ ಅತ್ತೆ ಹಿಂದಿನ ದಿನವಿಡೀ ನೀರೂ ಮುಟ್ಟದ ಬಾಯಿಗೆ ಮೊದಲ ಗುಟುಕು ಹಾಕಿದರು.

ನಾನು ಒದ್ದೆ ಕೂದಲು ಹಿಂಡುತ್ತ ಬಂದಾಗ ಅವರು ಲೋಟವನ್ನು ಕೈಯಳತೆಯ ದೂರದಲ್ಲಿ ಹಿಡಿದು ಕೂತಿದ್ದರು. ಮುಖದಲ್ಲಿ ಸಿಟ್ಟಿರಲಿಲ್ಲ. ಒಬ್ಬ ನಂಬಿಕೆಯ ಮನುಷ್ಯ ಎದುರಿಗೇ ಸುಳ್ಳು ಹೇಳಿದಾಗ ಆಗುವ ಮುಖ. "ಬಳ್ಳೊಳ್ಳಿ" ಎಂದರು. ಆ ಶಬ್ದ ಅವರ ಬಾಯಿಂದ ಬಂದದ್ದನ್ನು ಆ ಮನೆಯ ಗೋಡೆಗಳು ಮೊದಲ ಸಲ ಕೇಳಿರಬೇಕು. ಎಲೆ ಉಣ್ಣುತ್ತದೆಯೋ ಇಲ್ಲವೋ ಎಂಬ ನಮ್ಮ ಹಳೆಯ ವಾದ ಹೀಗೆ ತೀರ್ಮಾನವಾಯಿತು. ತೊಳೆದರೂ ಹೋಗದಂತೆ ಒಳಗಿಳಿದಿತ್ತು. ಗೆದ್ದವಳು ನಾನು. ಅಂಥ ಗೆಲುವು ಶತ್ರುವಿಗೂ ಬೇಡ.

ನ್ಯಾಯ ಪಡಸಾಲೆಯಲ್ಲಿ ಕೂತಿತು. ಮಠದ ಆಚಾರ್ಯರನ್ನು ಕರೆಸಿದರು. ಅವರು ಒಳ್ಳೆಯವರು, ಮಧ್ಯಾಹ್ನದ ನಿದ್ದೆ ಬಿಟ್ಟು ಬಂದಿದ್ದರಿಂದ ಸ್ವಲ್ಪ ಆಕಳಿಸುತ್ತಿದ್ದರು. ಅತ್ತೆಗೆ, ನನಗೆ, ಮನೆಯ ಎಲ್ಲರಿಗೂ ಪಂಚಗವ್ಯ ಎಂಬುದು ಬೇಗನೆ ಇತ್ಯರ್ಥವಾಯಿತು. ತೊಡಕಾದದ್ದು ಸಸಿಗಳ ಪ್ರಶ್ನೆ. ಆಚಾರ್ಯರು ಕಣ್ಣು ಮುಚ್ಚಿ, "ಇದು ಮುಟ್ಟಿದ ದೋಷವೋ, ತಿಂದ ದೋಷವೋ?" ಎಂದು ಕೇಳಿದರು. ಇಷ್ಟು ಒಳ್ಳೆಯ ಪ್ರಶ್ನೆಯನ್ನು ಯಾವ ಮುನ್ಸೀಫರೂ ನಮ್ಮವರಿಗೆ ಕೇಳಿರಲಿಕ್ಕಿಲ್ಲ. ಅವರ ಕಣ್ಣು ಬೆಳಗಿದವು.

"ಆಚಾರ್ಯರ, ಸಸಿಗಳು ಅಪ್ರಾಪ್ತ ವಯಸ್ಸಿನವು. ಪಾಲಕರು ಉಣಿಸಿದ್ದನ್ನ ಉಂಡಾವ. ಅವಕ್ಕ ಬುದ್ಧಿ ಇಲ್ಲ."

"ಹಂಗಾದ್ರ ಹೊಣೆ ಪಾಲಕರ ಮ್ಯಾಲೆ ಬರ್ತದ."

"ಒಪ್ಪಿದೆ. ಪಾಲಕರು ಪಂಚಗವ್ಯ ತಗೊಳ್ಳಿ. ಸಸಿಗಳನ್ನ ಶುದ್ಧ ಮಾಡಿ ಇಟ್ಟುಕೊಳ್ಳೋಣ. ಮುಂದ ಕಾಯಿ ಬಿಟ್ರ ಉಪ್ಪಿನಕಾಯಿಗೂ ಬೇಕಲ್ಲ?"

ಪಾಲಕಳಾದ ನಾನು ಒಳಬಾಗಿಲ ಹಿಂದೆ ನಿಂತಿದ್ದೆ. ನನ್ನನ್ನು ಯಾರೂ ಏನೂ ಕೇಳಲಿಲ್ಲ. ನಮ್ಮವರು ನನ್ನ ಪರವಾಗಿಯೇ ವಾದಿಸುತ್ತಿದ್ದರು ಎಂಬುದು ನಿಜ. ಆದರೆ ವಾದದ ಖುಷಿಯಲ್ಲಿ ಕಕ್ಷಿದಾರಳು ಯಾರೆಂಬುದನ್ನು ಮರೆತಿದ್ದರು. ಕೊನೆಗೆ ಆಚಾರ್ಯರು ಗೋಮೂತ್ರ ಪ್ರೋಕ್ಷಣೆ ಸಾಕೆಂದರು. ದರ್ಭೆಯಿಂದ ನಾಲ್ಕು ಹನಿ. ಅತ್ತೆ ಒಪ್ಪಲಿಲ್ಲ. "ಎಲಿಎಲಿಗೂ ಕುಡಿಸ್ಯಾಳ್ರಿ ಆಚಾರ್ಯರ. ನಾಲ್ಕು ಹನಿಗೆ ಹೋಗೂದಲ್ಲ ಅದು. ಎಲಿಎಲಿಗೂ ಸ್ನಾನ ಆಗಬೇಕು" ಎಂದರು. ಆಚಾರ್ಯರು ನಿದ್ದೆಯ ಕಡೆ ಮುಖ ಮಾಡಿ, "ಹೆಚ್ಚಾದ್ರ ದೋಷ ಇಲ್ಲ" ಎಂದು ಎದ್ದರು.

ಹೆಚ್ಚಾದರೆ ದೋಷವಿಲ್ಲ! ಗ್ರಾಮಸೇವಕರ ಮಾತು ನನ್ನ ತಲೆಯಲ್ಲಿ ಗಂಟೆಯಂತೆ ಮೊಳಗಿತು. ದನದ ಉಚ್ಚೆಯಲ್ಲೂ ಅದೇ ಗೊಬ್ಬರ; ನೀರು ಬೆರೆಸಿ ಕೊಟ್ಟರೆ ಅಮೃತ, ಹಾಗೇ ಕೊಟ್ಟರೆ ಬೆಂಕಿ. ಅತ್ತೆ ತಾಮ್ರದ ತಪ್ಪೇಲಿಯಲ್ಲಿ ಸಂಗ್ರಹಿಸಿಟ್ಟ ಗೋಮೂತ್ರ ಆಗಲೇ ಕಣ್ಣಿಗೆ ಕಟುವಾಗಿ ಹೊಡೆಯುವಷ್ಟು ಗಟ್ಟಿಯಾಗಿತ್ತು. ಮಾಡಿ ಮುಗಿಸಬೇಕೆಂದು ಆರಿಸಿಕೊಂಡದ್ದು ನಡುಮಧ್ಯಾಹ್ನದ ಬಿಸಿಲು. ಹಿತ್ತಲಲ್ಲಿ ಎಲ್ಲರೂ ಸೇರಿದ್ದರು. ನಾನು ಗೋಡೆಗೊರಗಿ ನಿಂತು ಹೇಳಿದೆ. ಹೇಳಿದೆ ಎಂಬುದನ್ನು ಓದುವವರು ದಯವಿಟ್ಟು ಗಮನಿಸಬೇಕು.

"ನೀರು ಬೆರಸಬೇಕು ಅತ್ಯಾ."

ಅತ್ತೆ ಸೌಟನ್ನು ಗಾಳಿಯಲ್ಲೇ ಹಿಡಿದು ತಿರುಗಿದರು. ನಾನು ಏನೋ ಗೊಣಗಿದ್ದಷ್ಟೇ ಅವರಿಗೆ ಗೊತ್ತಾಗಿತ್ತು. "ಏನಂತಾಳ ಇಕಿ?" ಎಂದು ಮಗನನ್ನು ಕೇಳಿದರು.

ನಮ್ಮವರು ಕೋರ್ಟಿನ ದನಿಯಲ್ಲಿ, "ನೀರು ಬೆರಸಬೇಕಂತ, ಅವ್ವಾ" ಎಂದು ಅನುವಾದಿಸಿದರು.

"ಹಾಲಿಗೆ ನೀರು ಬೆರಸೂದು ಗೌಳಿಗ್ಯಾರಿಗೆ ಗೊತ್ತದ. ಪ್ರಾಯಶ್ಚಿತ್ತಕ್ಕ ಬೆರಸೂದು ಯಾವ ಸಾಲ್ಯಾಗ ಕಲಸ್ತಾರ? ಅರ್ಧಾ ಶುದ್ಧ ಮಾಡಿ ಅರ್ಧಾ ಹಂಗಽ ಬಿಡೂದೇನು?"

ಸುತ್ತ ನಿಂತವರು ನಕ್ಕರು. ನಮ್ಮವರೂ ನಕ್ಕರು. ಮಾತು ಚೆನ್ನಾಗಿತ್ತು, ನಗದೆ ಇರಲು ಸಾಧ್ಯವಿರಲಿಲ್ಲ. ನಾನೂ ನಕ್ಕೆ ಎಂದು ಬರೆದರೆ ನೀವು ನಂಬುತ್ತೀರೋ ಇಲ್ಲವೋ. ಸಭೆಯಲ್ಲಿ ಎಲ್ಲರೂ ನಕ್ಕಾಗ ಹಲ್ಲು ಕಾಣದಂತೆ ಸ್ವಲ್ಪ ನಗಬೇಕೆಂದು ಕಾನ್ವೆಂಟಿನಲ್ಲಿ ಕಲಿಸಿದ್ದರು. ಆಮೇಲೆ ಸೌಟಿನ ಮೇಲೆ ಸೌಟು ಬಿತ್ತು. ಎಳೆಯ ತಾಮ್ರಬಣ್ಣದ ಚಿಗುರುಗಳು ಆ ಭಾರಕ್ಕೆ ಬಾಗಿ, ನಮಸ್ಕಾರ ಮಾಡಿದಂತೆ ಕಾಣುತ್ತಿದ್ದವು. ಗೋಡೆಯ ಮೇಲಿಂದ ಹುಸೇನಬಿಯ ಮೂಗುತಿ ಮಿಂಚಿತು. ಈ ಸಲ ಅವಳು ಕೆಮ್ಮಲಿಲ್ಲ.

ಮರುದಿನಕ್ಕೇ ಎಲೆಗಳ ಅಂಚು ಕರಿದ ಹಪ್ಪಳದಂತೆ ಸುರುಳಿಯಾಯಿತು. ಆಮೇಲೆ ನಡುವೆ ಕಂದು ಮಚ್ಚೆ. ಆಮೇಲೆ ಉದುರಿದವು. ಪೆನ್ಸಿಲಿಗೆ ಎಳ್ಳಷ್ಟು ಕಡಿಮೆಯಿದ್ದ ಕಡ್ಡಿಗಳು ಮುಳ್ಳು ಹೊತ್ತು ಬರಿದಾಗಿ ನಿಂತವು. ಆಗ ಅತ್ತೆ ಹೇಳಿದ ಮಾತನ್ನು ನಾನು ಈಗಲೂ ಮರೆತಿಲ್ಲ. ಸಿಟ್ಟಿನಿಂದಲ್ಲ, ನಿಜವಾದ ಮರುಕದಿಂದ, ನನ್ನ ಬೆನ್ನ ಮೇಲೆ ಕೈಯಾಡಿಸಿ ಹೇಳಿದರು: "ನೋಡಿದಿಯಾ, ಎಷ್ಟು ಬಳ್ಳೊಳ್ಳಿ ಒಳಗ ಸೇರಿತ್ತು! ಶುದ್ಧ ಮಾಡಿದ ಕೂಡಲೆ ಸುಟಗೊಂಡು ಹೊರಗ ಬಂತು. ನಾವು ಆ ಮಜ್ಜಿಗಿ ಪೂರಾ ಕುಡದಿದ್ರ ನಮ್ಮ ಹೊಟ್ಟಿನೂ ಹಿಂಗಽ ಆಗ್ತಿತ್ತು." ಊರೆಲ್ಲ ಅದನ್ನೇ ಹೇಳಿತು. ಬಳ್ಳೊಳ್ಳಿ ಹೊಡೆದು ನಿಂಬೆಗಿಡ ಸುಟ್ಟ ಕಾನ್ವೆಂಟಿನ ಸೊಸೆ ಎಂದು ನನಗೆ ಮುದ್ದೇಬಿಹಾಳದ ತನಕ ಹೆಸರಾಯಿತು. ಸ್ವಂತ ಹೆಸರಿನಲ್ಲಿ ಏನಾದರೊಂದು ಬೇಕೆಂದು ಆಸೆಪಟ್ಟಿದ್ದೆನಲ್ಲ, ಅದು ಸಿಕ್ಕಿತು.

ನಮ್ಮವರು ಒಂದು ದಿನ ಊಟವಾದ ಮೇಲೆ, "ಷರತ್ತು ಪೂರ್ತಿ ಆಗ್ಲಿಲ್ಲ, ಹಂಗಾಗಿ ಕರಾರು ರದ್ದು" ಎಂದು ನಗುತ್ತ ಹೇಳಿದರು. ಅವರು ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ನನಗೆ ಎಷ್ಟೋ ಅನುಕೂಲವಾಗುತ್ತಿತ್ತು. ಸಿಟ್ಟು ಮಾಡಿಕೊಳ್ಳಲು ಒಂದು ನೆಲೆ ಸಿಗುತ್ತಿತ್ತು. ಮಿರಗದ ಮಳೆ ಬಂತು. ಬಾವಿ ಪಟ್ಟಿಯಲ್ಲಿ ಅವರು ಏನು ಹಾಕಿಸಿದರೆಂದು ನೀವು ಊಹಿಸಲಾರಿರಿ. ಉಳ್ಳಾಗಡ್ಡಿ! ನಾನು ಅತ್ತೆಯ ಮುಖ ನೋಡಿದೆ.

"ಉಳ್ಳಾಗಡ್ಡಿ, ಅತ್ಯಾ?"

"ಅದಕ್ಕೇನಾತ? ನಾವೇನು ತಿನ್ನಾಂವ್ರೇನು? ಪ್ಯಾಟಿಗೆ ಹೋಗ್ತದ."

ಆ ವರ್ಷ ಉಳ್ಳಾಗಡ್ಡಿಗೆ ಧಾರಣೆ ಬರಲೆಂದು ಕಾಯುತ್ತ ಚೀಲಗಳನ್ನು ತಂದು ನಮ್ಮ ಹೊರ ಕಟ್ಟೆಯ ಮೇಲೆಯೇ ಒಟ್ಟಿದ್ದರು. ಕಣ್ಣಲ್ಲಿ ನೀರು ಬರುವಷ್ಟು ವಾಸನೆ. ಅತ್ತೆ ಆ ಚೀಲಗಳಿಗೆ ಒರಗಿ ಕೂತು ಬತ್ತಿ ಹೊಸೆಯುತ್ತಿದ್ದರು. ಯಾರೋ ಮೂಗು ಮುಚ್ಚಿಕೊಂಡು ಒಳಗೆ ಬಂದಾಗ, "ಲಕ್ಷ್ಮೀ ವಾಸನಿ ರೀ ಅದು" ಎಂದರಂತೆ. ನನ್ನ ಕಣ್ಣಲ್ಲಿ ಆ ದಿನಗಳಲ್ಲಿ ನೀರು ಬಂದದ್ದನ್ನು ಎಲ್ಲರೂ ಉಳ್ಳಾಗಡ್ಡಿಯ ಲೆಕ್ಕಕ್ಕೇ ಹಾಕಿದರು. ಅದೂ ಒಂದು ಅನುಕೂಲ.

ಒಣಗಿದ ಡಬ್ಬಿಗಳನ್ನು ಎಸೆಯಲು ಹೊರಟಾಗ ಹುಸೇನಬಿ ಗೋಡೆಯ ಮೇಲಿಂದ ಕೈ ಚಾಚಿದಳು. "ಇಲ್ಲಿ ಕೊಡ್ರಿ ಬಾಯಾರ. ನಮ್ಮ ಮನ್ಯಾಗ ಅವು ಏನು ತಿಂದಾವಂತ ಯಾರೂ ಕೇಳೂದಿಲ್ಲ." ಕೊಟ್ಟೆ. ಅವಳು ಏನು ಮಾಡಿದಳೋ ಗೊತ್ತಿಲ್ಲ. ಬಹುಶಃ ಏನೂ ಮಾಡಲಿಲ್ಲ, ಸುಮ್ಮನೆ ನೀರು ಹಾಕಿದಳು. ಒಂದೇ ಒಂದು ಸಸಿ ಬುಡದಿಂದ ಚಿಗುರಿತು. ಈಗ ಅದು ಗೋಡೆ ಮೀರಿ ಬೆಳೆದು, ಒಂದು ಕೊಂಬೆಯನ್ನು ನಮ್ಮ ಹಿತ್ತಲಿಗೆ ಚಾಚಿ ನಿಂತಿದೆ. ಕಾಯಿ ಬಿದ್ದಾಗ ಅತ್ತೆ ಆಯ್ದು ತರುತ್ತಾರೆ. "ಆ ಮನಿ ಗಿಡದ ಕಾಯಿ ಎಷ್ಟು ರಸ ನೋಡು. ಅವರಿಗೆ ಗಿಡ ಬೆಳಸೂದು ಗೊತ್ತದ" ಎನ್ನುತ್ತಾರೆ. ಅವರಿಗೀಗ ವಯಸ್ಸಾಗಿದೆ, ಆ ಗಿಡ ಯಾವುದೆಂಬುದು ಮರೆತಿದೆಯೋ ಅಥವಾ ಎಂದೂ ಗೊತ್ತೇ ಇರಲಿಲ್ಲವೋ. ನಾನು ಹೇಳಿಲ್ಲ. ಅವರು ಕಾಯಿ ಆಯುವುದನ್ನೇ ನಿಲ್ಲಿಸಿಬಿಟ್ಟರೆ?

ಇದನ್ನೆಲ್ಲ ಬರೆಯುವ ಪ್ರಸಂಗ ಬಂದದ್ದು ಮೊನ್ನೆ. ಮನಗೂಳಿಯಿಂದ ಬೀಗರು ಬಂದಿದ್ದರು, ಅವರ ಮನೆಗೆ ಹೊಸ ಸೊಸೆ ಬಂದಿದ್ದಾಳೆ, ಬಾಯಿ ಜೋರಂತೆ. ಅತ್ತೆ ಪಡಸಾಲೆಯಲ್ಲಿ ಕೂತು, ನನ್ನ ಕಡೆ ಬೆರಳು ಮಾಡಿ ಹೇಳುತ್ತಿದ್ದರು: "ನಮ್ಮ ರುಕ್ಮಿಣಿನ್ನ ನೋಡ್ರಿ. ಈ ಮನಿಗೆ ಕಾಲಿಟ್ಟಾಗಿಂದ ಒಂದಽ ಒಂದು ಮಾತು ನನಗ ಎದುರಾಡಿಲ್ಲ. ಒಂದಽ ಒಂದು!"

ನಾನು ಶರಬತ್ತಿನ ತಾಟು ಹಿಡಿದು ಅಲ್ಲೇ ನಿಂತಿದ್ದೆ. ಎದುರಾಡಿದ್ದೆ. ಈ ಮನೆಯಲ್ಲಿ ನಾನು ಒಂದೇ ಒಂದು ಸಲ, ಹಿತ್ತಲ ಬಿಸಿಲಿನಲ್ಲಿ, ಎಲ್ಲರ ಮುಂದೆ, ಎದುರಾಡಿದ್ದೆ. ಅದು ಎದುರಾಡಿದ್ದು ಎಂದು ಕೂಡ ಯಾರಿಗೂ ಗೊತ್ತಾಗಿಲ್ಲ. ಸಿಸ್ಟರು ಎಲೆಗೆ ಹೇಳಿದ ಲೆಕ್ಕವನ್ನು ನಾನು ಇಷ್ಟು ವರ್ಷ ನನ್ನ ಬಾಯಿಗೆ ಹಾಕುತ್ತ ಬಂದಿದ್ದೆ. ತಿಳಿ ಚಹಾ ದಾಟಿ, ಬಣ್ಣವೇ ಕಾಣದಷ್ಟು ತೆಳ್ಳಗೆ. ಯಾರಿಗೂ ಸುಡಲಿಲ್ಲ, ನಿಜ. ಯಾರಿಗೂ ಹತ್ತಲೂ ಇಲ್ಲ. ಇವತ್ತು ಹೇಳಿಬಿಡಬೇಕು, ಒಂದು ಹನಿಯೂ ಬೆರೆಸದೆ, ಸೌಟಿನಿಂದ ಹೊಯ್ದಂತೆ. ಒಂದು ಹೆಜ್ಜೆ ಮುಂದಿಟ್ಟೆ. ತಾಟಿನಲ್ಲಿ ಲೋಟಗಳು ಒಂದಕ್ಕೊಂದು ತಾಗಿ ಸದ್ದು ಮಾಡಿದವು. ಬೀಗರು ತಲೆ ಎತ್ತಿ ನೋಡಿದರು, ಅತ್ತೆಯೂ ನೋಡಿದರು, ಪೇಪರು ಓದುತ್ತಿದ್ದ ನಮ್ಮವರು ಕನ್ನಡಕ ತೆಗೆದರು. ಅಷ್ಟು ಜನ ಒಟ್ಟಿಗೆ ನನ್ನ ಮಾತಿಗಾಗಿ ಕಾದದ್ದು ಅದೇ ಮೊದಲು. ನಾನು ಬಾಯಿ ತೆರೆದೆ.

"ಶರಬತ್ತಿಗೆ ನೀರು ಹೆಚ್ಚಾತೇನ್ರಿ?" ಎಂದೆ.